ಡಬ್ಬಿಯ ಬೆನ್ನು

ಬರುವಾಗ ಹಣ್ಣು ತಗೊಂಡು ಬಾ ಎಂದು ಹರ್ಷಿತಾ ಸಾರಿ ಸಾರಿ ಹೇಳಿದ್ದಳು. ರೋಹಿತ ಹಣ್ಣು ತರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನು ತಂದದ್ದು ತನ್ನ ಕಂಪನಿಯ ಡಬ್ಬಿಗಳನ್ನು. ಹೈದರಾಬಾದಿನ ನಾಚಾರಂನಲ್ಲಿ ಪೌಷ್ಟಿಕ ಪುಡಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಡಬ್ಬಿಯ ಮುಖದ ಮೇಲೆ ಬರುವ ದೊಡ್ಡಕ್ಷರದ ಮಾತುಗಳನ್ನು ಬರೆಯುವುದು ಅವನ ಕೆಲಸ. ‘ಒಂದು ಲೋಟ, ದಿನವೆಲ್ಲ ಓಟ’ ಅವನದೇ ಸೃಷ್ಟಿ. ಹರ್ಷಿತಾಳ ದೊಡ್ಡಮ್ಮ ಗುರುದೇವಿ ಒಪ್ಪಿದರೆ ಅವರಿಬ್ಬರ ಮದುವೆ, ಇಲ್ಲದಿದ್ದರೆ ಇಲ್ಲ. ಮೊದಲು ದೊಡ್ಡಮ್ಮನ ಮನಸ್ಸು ಗೆಲ್ಲು, ಮದುವೆಯ ಮಾತು ಆಮೇಲೆ ನಾನೇ ಎತ್ತುತ್ತೇನೆ ಎಂದಿದ್ದಳು ಹರ್ಷಿತಾ. ಮಂಡಿನೋವಿಗೊಂದು, ಕೂದಲಿಗೊಂದು, ಶಕ್ತಿಗೊಂದು ಡಬ್ಬಿ ಕೊಟ್ಟರೆ ಕರಗದ ದೊಡ್ಡಮ್ಮ ಯಾರಿದ್ದಾರೆ ಎಂದುಕೊಂಡು ಈ ಮೈಸೂರಿನ ಹುಡುಗ ಭಾನುವಾರ ಅವರ ಮಣಿಕೊಂಡದ ಫ್ಲಾಟಿನ ಕರೆಗಂಟೆ ಒತ್ತಿದ.

ಪಾಪ, ಅವನಿಗೆ ಗುರುದೇವಿ ಗೊತ್ತಿರಲಿಲ್ಲ. ರಾಯಚೂರಿನಲ್ಲಿ ನೆಂಟರ ಪೈಕಿ ಯಾರ ಮನೆಗೆ ಸಂಬಂಧ ಬಂದರೂ ಹುಡುಗನ ವಿಚಾರಣೆಗೆ ಹೋಗುತ್ತಿದ್ದವರು ಅವರೇ. ಹುಡುಗನ ಮನೆಯಲ್ಲಿ ಚಹಾ ಕುಡಿದು ನಗುನಗುತ್ತ ಹೊರಬಂದು, ಆ ಓಣಿಯ ಕಿರಾಣಿ ಅಂಗಡಿಯಲ್ಲೂ ಹಿಟ್ಟಿನ ಗಿರಣಿಯಲ್ಲೂ ನಿಂತು ನಿಜ ತಿಳಿದುಕೊಳ್ಳುತ್ತಿದ್ದರು. ಅವರು ಕೂಡಿಸಿದ ಒಂದು ಸಂಬಂಧವೂ ಕೆಟ್ಟಿಲ್ಲ. ಹೈದರಾಬಾದಿಗೆ ಬಂದ ಮೇಲೆ ವಿಚಾರಿಸಲು ಹುಡುಗರು ಸಿಗದೆ, ಅದೇ ಕಣ್ಣನ್ನು ಔಷಧಿ ಅಂಗಡಿಯ ಡಬ್ಬಿಗಳ ಮೇಲೆ ಹಾಯಿಸತೊಡಗಿದ್ದರು. ಅಂಥ ಕಣ್ಣು ದೇವರು ಎಲ್ಲರಿಗೂ ಕೊಡುವುದಿಲ್ಲ.

“ಇವ ನಮ್ಮ ಕನ್ನಡ ಸಂಘದ ಗೆಳೆಯ, ದೊಡ್ಡಮ್ಮ” ಎಂದು ಹರ್ಷಿತಾ ಪರಿಚಯಿಸಿ, ಡಬ್ಬಿಗಳನ್ನು ನೋಡಿ ಹಣೆ ಒತ್ತಿಕೊಂಡು, ಚಹಾ ಮಾಡಲು ಒಳಗೆ ಹೋದಳು.

“ಕೂಡು ತಮ್ಮಾ” ಎಂದ ಗುರುದೇವಿ ಕನ್ನಡಕ ಏರಿಸಿ ಶಕ್ತಿಯ ಡಬ್ಬಿಯನ್ನು ಬೆನ್ನು ಮೇಲೆ ಮಾಡಿ ಹಿಡಿದರು.

“ಆಂಟಿ, ಮುಂದುಗಡೆ ಓದಿ. ಎಲ್ಲ ಅಲ್ಲೇ ಇದೆ.”

“ಮುಂದ ಇರೋದು ಹುಡುಗನ ಕಡಿಯವರ ಮಾತು. ಹಿಂದ ಸಣ್ಣ ಅಕ್ಷರದಾಗ ಇರೋದು ಓಣಿಯವರ ಮಾತು. ನಾ ಓಣಿಯವರನ್ನ ಕೇಳಾಕಿ.”

ಓಣಿಯವರು ಒಂದೊಂದಾಗಿ ಬಾಯಿಬಿಟ್ಟರು. “ಯಾವುದು ಹೆಚ್ಚು ಐತೋ ಅದನ್ನ ಮೊದಲು ಬರೀತಾರ. ಇಲ್ಲಿ ಮೊದಲು ಸಕ್ರಿ ಐತಿ. ಬಾದಾಮಿ ಎಲ್ಲಾರಕಿಂತ ಕಡೀಕ ನಿಂತೈತಿ, ಕರೀದ ಬಂದ ನೆಂಟನಂಗ. ಒಂದು ಲೋಟ ಅಂದ್ರ ಮೂರು ಚಮಚಾ ಪುಡಿ, ಮ್ಯಾಲ ಹಾಲು. ಶಕ್ತಿ ಅರ್ಧ ಹಾಲಿಂದು. ವಿಶೇಷ ಮಿಶ್ರಣ ಅಂತ ಬರದಾರ, ಯಾವುದು ಎಷ್ಟು ಅಂತ ಹೇಳಿಲ್ಲ. ಮೂರೂ ಡಬ್ಬ್ಯಾಗ ಡಿ ವಿಟಮಿನ್ ಐತಿ. ಒಂದೊಂದು ನೋಡಿದ್ರ ಬರೋಬ್ಬರಿ, ಮೂರೂ ತಗೊಂಡ್ರ ಹೆಚ್ಚಾಗತೈತಿ.”

ರೋಹಿತನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಮೇಲಿನ ಮನೆಯ ಅಮರೇಶಪ್ಪ ಬಾಟಲಿಯೊಂದನ್ನು ಹಿಡಿದು ಬಂದರು.

“ಅಕ್ಕಾರ, ಇದು ಹೃದಯಕ್ಕ ಭಾಳ ಚಲೋ ಅಂತ ಆಫೀಸಿನ ದೋಸ್ತ್ ಕೊಟ್ಟಾನ್ರಿ.”

“ನೀವು ರಕ್ತ ತೆಳು ಮಾಡೋ ಗುಳಿಗಿ ತಗೋತೀರಲ್ರಿ? ಹಿಂದ ನೋಡ್ರಿ, ಅಂಥವರು ಡಾಕ್ಟರನ್ನ ಕೇಳ್ರಿ ಅಂತ ಬರದೈತಿ. ನಾ ಓದಾಕಿ ಅಷ್ಟ. ಹೇಳೋರು ಡಾಕ್ಟರು. ಬಾಟಲಿ ಅವರಿಗೆ ತೋರಿಸ್ರಿ.” ಗುರುದೇವಿಯ ಮನೆಯಲ್ಲೂ ಒಂದೇ ಒಂದು ವಿಟಮಿನ್ ಬಾಟಲಿ ಇತ್ತು, ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಬರೆದುಕೊಟ್ಟದ್ದು.

ಅಮರೇಶಪ್ಪ ಬಾಟಲಿ ಜೇಬಿಗಿಳಿಸಿ, ರೋಹಿತನ ಡಬ್ಬಿಯನ್ನು ಎತ್ತಿ ನೋಡಿದರು. “ಸಕ್ರಿ ತುಂಬಿ ಇಂಥಾ ಮಾತು ಬರದಾಂವ ಯಾಂವಪಾ?”

ಯಾರೋ ನಮ್ಮ ಆಫೀಸಿನವನು ಎಂದುಬಿಡಬಹುದಿತ್ತು. ಆದರೆ ಗುರುದೇವಿಯ ಕಣ್ಣು ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತಿತ್ತು.

“ನಾನೇ ಬರೆದದ್ದು” ಎಂದ ರೋಹಿತ. “ಹಿಂದೆ ಏನಿದೆ ಅಂತ ಓದಿರಲಿಲ್ಲ. ತಪ್ಪಾಯ್ತು.”

ಗುರುದೇವಿ ಅಮರೇಶಪ್ಪನವರ ಕೈಯಿಂದ ಡಬ್ಬಿ ತಗೊಂಡು ಮೇಜಿನ ಮೇಲಿಟ್ಟರು. ಆಮೇಲೆ ಮುಖ ಅರಳಿಸಿ, “ಖರೇ ಹೇಳೋ ಹುಡುಗ ಸಿಗೋದು ಕಷ್ಟ ಐತಿ” ಎಂದರು. ರೋಹಿತನ ಜೀವ ಮರಳಿ ಬಂತು. ಅಡುಗೆಮನೆಯಲ್ಲಿ ಹರ್ಷಿತಾಳ ಬಳೆ ಸದ್ದು ಮಾಡಿತು.

“ನನಗ ಹಿಂದಿಂದು ಓದಾಕ ಬರ್ತೈತಿ, ಮುಂದಿಂದು ಬರಿಯಾಕ ಬರಂಗಿಲ್ಲ. ಸಕ್ರಿ ಡಬ್ಬಿಗೇ ಇಷ್ಟು ಚಂದ ಬರದಿ. ನಮ್ಮ ಹರ್ಷಿತಾ ಬಂಗಾರ. ಆಕಿ ಬಯೋಡೇಟಾ ಬರದು ಕೊಡು. ಬೀದರಿನವರು ಕೇಳಾಕತ್ತಾರ, ಹುಡುಗ ಇಂಜಿನಿಯರ್.”

ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು.

ಮದುವೆಯ ಮಾತು ತಾನೇ ಎತ್ತುವಂತಿರಲಿಲ್ಲವಲ್ಲ, ರೋಹಿತ ಒಪ್ಪಿಕೊಂಡ. ಫೋನಿನಲ್ಲೇ ಬರೆಯಲು ಕುಳಿತ. ಸಾಧಾರಣವಾಗಿ ಬರೆಯಬೇಕೆಂದೇ ಹೊರಟ, ಆದರೆ ಕೈ ಕೇಳಲಿಲ್ಲ. ಅವಳ ನಗು, ಅವಳ ಧೈರ್ಯ, ಯಾರಿಗಾದರೂ ಹುಷಾರಿಲ್ಲವೆಂದರೆ ಮೊದಲು ಓಡುವ ಅವಳ ಗುಣ, ಎಲ್ಲವೂ ತಾನಾಗಿ ಬಂದವು. ಅವನು ಜೀವಮಾನದಲ್ಲಿ ಬರೆದ ಮೊದಲ ನಿಜವಾದ ಲೇಬಲ್ ಅದು. ಕೊನೆಗೆ ಉಪಾಯವೊಂದು ಹೊಳೆದು, ತೀರ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಸೇರಿಸಿದ: ‘ಸೂಚನೆ: ಈ ಹುಡುಗಿಯೂ ಇದನ್ನು ಬರೆದ ರೋಹಿತನೂ ಪರಸ್ಪರ ಒಪ್ಪಿದ್ದಾರೆ.’ ಸಣ್ಣ ಅಕ್ಷರವನ್ನೇ ಮೊದಲು ಓದುವ ಗುರುದೇವಿಯ ಕಣ್ಣಿಗೆ ಇದು ಬೀಳದೆ ಹೋಗುವುದುಂಟೇ?

ಅದನ್ನು ಅವರ ಫೋನಿಗೆ ಕಳಿಸಿದ. ಗುರುದೇವಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಂಟಿ, ಒಂದು ಸಲ ಪೂರ್ತಿ ಓದಿ. ಕೆಳಗೆ ಕೂಡ.”

“ತಪ್ಪು ಒಪ್ಪಿಕೊಂಡ ಹುಡುಗ ನೀ. ನೀ ಬರದದ್ದನ್ನ ನಾ ತಿರುವಿ ನೋಡಂಗಿಲ್ಲ” ಎಂದು ಅವರು ಅದನ್ನು ನೇರವಾಗಿ ಬೀದರಿಗೆ ಕಳಿಸಿಬಿಟ್ಟರು.

ಇನ್ನು ಬೀದರಿನವರಾದರೂ ಓದಿಯಾರು ಎಂಬ ಆಸೆ ರೋಹಿತನಿಗೆ ಉಳಿದಿತ್ತು. ಹರ್ಷಿತಾ ಉಳಿದ ಚಹಾ ತಂದಿಡುವಷ್ಟರಲ್ಲೇ ಉತ್ತರ ಬಂತು. ಅಮರೇಶಪ್ಪ ಗಟ್ಟಿಯಾಗಿ ಓದಿದರು: “ಓದಿ ಭಾಳ ಖುಷಿ ಆತು. ಬರೋ ಐತ್ವಾರ ಹುಡುಗಿ ನೋಡಾಕ ಬರ್ತೀವಿ.”

ಗುರುದೇವಿ ರೋಹಿತನ ಬೆನ್ನು ತಟ್ಟಿದರು. ಹರ್ಷಿತಾ ಅವನ ಮುಂದೆ ಕಪ್ಪು ಕುಕ್ಕಿ, ಬಗ್ಗಿ, ಅವನಿಗಷ್ಟೇ ಕೇಳುವಂತೆ ಅಂದಳು.

“ಅಷ್ಟು ಚಂದ ಬರಿ ಅಂತ ನಿನಗ ಯಾರು ಹೇಳಿದ್ರು?”