ಊಟಕ್ಕೆ ಹೋದ ಪುತಳಾ

ಸೋಲಾಪುರ, ಡಿಸೆಂಬರ್ ೧೪, ೨೦೨೪, ಶನಿವಾರ. ಅತ್ತೆ ಬರುವ ಕರಜಗಿಯ ಬಸ್ಸು ಹನ್ನೊಂದಕ್ಕೇ ಬಂದಿದೆ. ಅತ್ತೆ ನನ್ನ ಮನೆಗೆ ಬಂದಿಲ್ಲ.

ಕಲಾಮಹೋತ್ಸವದ ನಿಮಿತ್ತ ಎಸ್.ಟಿ. ಸ್ಟ್ಯಾಂಡಿನೆದುರಿನ ಚೌಕದಲ್ಲಿ ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು ಅಲುಗದೆ ನಿಲ್ಲುವ ಮಾನ್ಯರೇ,

ಮೂಗಿನ ಮೇಲೆ ನೊಣ ಕೂತರೂ ಕದಲದ ತಮ್ಮ ಸಂಯಮವು ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುವ ಸಮಸ್ತ ನಾಗರಿಕರಿಗೂ ಲಭಿಸಲೆಂದು ಹಾರೈಸಿ, ಈ ದೂರನ್ನು ಸವಿನಯ ಸಲ್ಲಿಸುತ್ತೇನೆ.

ನಮ್ಮ ನಗರದಲ್ಲಿ ದಾರಿ ಹೇಳುವುದು ಪುತಳಾಗಳ, ಅಂದರೆ ಪ್ರತಿಮೆಗಳ, ಗುರುತಿನಿಂದಲೇ. ಮೂರು ವಾರದ ಹಿಂದೆ ನನಗೆ ಸ್ಟ್ಯಾಂಡಿಗೆ ಬರಲು ತಡವಾದಾಗ ಸೋದರತ್ತೆ ಚಂದ್ರಭಾಗಾ ಅವರಿಗೆ ಫೋನಿನಲ್ಲಿ, "ಪುತಳಾ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ ಅತ್ತಿ" ಎಂದಿದ್ದೆ. ನಾನು ಹೇಳಿದ್ದು ಕಲ್ಲಿನದು; ಅವರಿಗೆ ಕಂಡದ್ದು ತಾವು. ಒಂದು ಗಂಟೆಗೆ ಪುತಳಾ ಊಟಕ್ಕೆ ಹೊರಟಿತು, ಮಾತು ಮೀರದ ಅತ್ತೆ ಅದರ ಹಿಂದೆಯೇ ಹೊರಟರು. ಕ್ಯಾಂಟೀನಿನಲ್ಲಿ ಪತ್ತೆ ಹಚ್ಚಿದಾಗ ನನಗೆಂದು ತಂದ ಬುತ್ತಿ ತಮ್ಮ ಮುಂದೆ ಬಿಚ್ಚಿತ್ತು. "ಪಾಪ, ಮುಂಜಾನಿಂದ ನಿಂತಾನ. ಊಟ ಆತೇನಂತ ಒಬ್ಬರೂ ಕೇಳಿಲ್ಲ" ಎಂದರು ಅತ್ತೆ. ತಾವು ಬಾಯಿತುಂಬ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡು, ನಮ್ಮ ಕಡೆಯ ಅಚ್ಚ ವಾಗದರಿ ಕನ್ನಡದಲ್ಲಿ, "ಖರೇ ಅದರಿ" ಎಂದಿರಿ.

ರೊಟ್ಟಿ ಹೋದದ್ದಕ್ಕೆ ನನ್ನ ತಕರಾರಿಲ್ಲ. ಅತ್ತೆಗೆ ಓದು ಬಾರದು; ಐದು ವರ್ಷಗಳಿಂದ ಪ್ರತಿ ಶನಿವಾರ ನಾನು ಅವರಿಗೆ ಅನುವಾದಿತ ಕಾದಂಬರಿಗಳನ್ನು ಓದಿ ಹೇಳುತ್ತೇನೆ. ನನ್ನ ಕನ್ನಡ ಕೇಳುವವರು ಈ ನಗರದಲ್ಲಿ ಅವರೊಬ್ಬರೇ. ಈಗ ಅವರು ಬಸ್ಸಿಳಿದವರೇ ತಮ್ಮ ಕಾಲಬಳಿ ಕೂತು, ನಾನು ಓದಿ ಅರ್ಧಕ್ಕೆ ನಿಂತ ಕಾದಂಬರಿಯನ್ನು ನೆನಪಿನಿಂದ ತಮಗೆ ಹೇಳುತ್ತಾರೆ. ಜನ ಅದನ್ನೂ ಪ್ರದರ್ಶನವೆಂದುಕೊಂಡಿದ್ದಾರೆ. ಒಂದಕ್ಷರ ಕನ್ನಡ ತಿಳಿಯದವರೂ ಚಪ್ಪಾಳೆ ತಟ್ಟುತ್ತಾರೆ.

ಇಂದು ಗುಂಪಿನ ಹಿಂದೆ ನಿಂತು, ಪುಸ್ತಕ ತೆರೆದು, ಸಾಲುಸಾಲಾಗಿ ಹೋಲಿಸಿದೆ. ಹದಿನೇಳು ತಪ್ಪುಗಳು. ಹಿಮ "ಹತ್ತಿ ಹಾರಿದಂಗ" ಬಿದ್ದಿತು. ಕಾದಂಬರಿಯ ವಿದೇಶಿ ವಿಧವೆಗೆ ಇಲ್ಲೇ ಪಕ್ಕದ ಬೋರಾಮಣಿಯಲ್ಲಿ ತವರುಮನೆ ಸಿಕ್ಕಿತು. ಆದರೆ ಆಕೆ ಪತ್ರ ಸುಡುವಲ್ಲಿ ಮಾತ್ರ ಅಚ್ಚಾದ ವಾಕ್ಯಕ್ಕಿಂತ ಅತ್ತೆಯದೇ ಸರಿಯೆನಿಸಿತು. ಆಗ ತಮ್ಮ ಕಣ್ಣಿಂದ ಬೆಳ್ಳಿಗೆನ್ನೆಯ ಮೇಲೆ ಕಪ್ಪು ಗೆರೆಯೊಂದು ಇಳಿದದ್ದನ್ನು, ಅದು ಪುತಳಾಗಳಿಗೆ ಶೋಭಿಸುವುದಿಲ್ಲವಾದ್ದರಿಂದ, ಇಲ್ಲಿ ದಾಖಲಿಸುತ್ತಿದ್ದೇನೆ.

ಆದ್ದರಿಂದ ತಾವು ಶನಿವಾರಗಳಂದು ಕಿವುಡರಾಗಬೇಕು. ಸಾಧ್ಯವಾಗದಿದ್ದರೆ ಕಂಚಿನವರಾಗಿ, ವಿಧಿವತ್ತಾಗಿ ಉದ್ಘಾಟನೆಗೊಂಡು, ಪಾರಿವಾಳಗಳ ವಶವಾಗಬೇಕು. ಎರಡೂ ಆಗದಿದ್ದಲ್ಲಿ, ಮುಂದಿನ ಶನಿವಾರ ಅತ್ತೆ ಇನ್ನೂ ಕೇಳದ ಕೊನೆಯ ಐದು ಅಧ್ಯಾಯಗಳೊಂದಿಗೆ ನಾನೇ ಚೌಕಕ್ಕೆ ಬಂದು ಗಟ್ಟಿಯಾಗಿ ಓದುವುದೆಂದು ನಿಶ್ಚಯಿಸಿದ್ದೇನೆ. ಅತ್ತೆಗೆ ಇನ್ನೂ ತಿಳಿಸಿಲ್ಲ.

ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ

ತಾ.ಕ.: ಬುತ್ತಿಯಲ್ಲಿ ಆರು ರೊಟ್ಟಿ ಇರುತ್ತವೆ. ಚೌಕದ ಕಲ್ಲಿನ ಪುತಳಾ ಈವರೆಗೆ ಒಂದನ್ನೂ ಕೇಳಿದ್ದಿಲ್ಲ. ನನಗೆ ಮೂರು ಉಳಿಸಿರಿ.