ಕುರ್ಚಿ ಹಿಡಿದ ದಸ್ತಿ

ಜಾಗ ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬೀದರ್ ಬಸ್ ನಿಲ್ದಾಣದಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ ಎಸೆದೆನೆಂದರೆ ಅದು ಸೀಟಿನ ನಡುಮಧ್ಯೆ ಹೋಗಿ ಬೀಳುತ್ತದೆ. ದಸ್ತಿ ಬಿದ್ದ ಸೀಟು ನಮ್ಮದು. ಮಂತ್ರಿ ಬಂದರೂ ಅಲ್ಲಿ ಕೂರುವಂತಿಲ್ಲ! ಬೇರೆ ಊರಿನವರು ಇದನ್ನು ಕರವಸ್ತ್ರ ಎನ್ನುತ್ತಾರೆ, ಮೂಗು ಒರೆಸುತ್ತಾರೆ. ನಮ್ಮಲ್ಲಿ ಮೂಗು ಒರೆಸುವುದು ಅದರ ಉಪಕಸುಬು.

ಈ ವಿದ್ಯೆಯ ಮೇಲಿನ ಭರವಸೆಯೇ ನನ್ನನ್ನು ಕೆಡಿಸಿತು.

ನಾನು ಲೆಕ್ಕ ಬರೆಯುವ ದಾಲ್ ಮಿಲ್ಲಿನ ಮಾಲೀಕರು ಊರಿನ ಒಂದು ಕ್ಲಬ್ಬಿನ ಸದಸ್ಯರು. ಶನಿವಾರ ಸಂಜೆ ಅಲ್ಲಿ ಜಾದೂ ಪ್ರದರ್ಶನವಿತ್ತು. ಅವರಿಗೆ ಬೇರೆ ಕೆಲಸ ಬಂದದ್ದರಿಂದ ಎರಡು ಪಾಸು ನನ್ನ ಕೈಗಿಟ್ಟು, ಮನೆಯವರನ್ನು ಕರೆದುಕೊಂಡು ಹೋಗಿ ಎಂದರು. ಮನೆಯವರನ್ನು ಕರೆದುಕೊಂಡು ಹೋಗಬೇಕಾದರೆ ಮೊದಲು ಮನೆಯವರು ಮನೆಯಲ್ಲಿರಬೇಕು. ನನ್ನ ಹೆಂಡತಿ ಸುವರ್ಣಾ ಔರಾದದ ದವಾಖಾನೆಯಲ್ಲಿ ನರ್ಸು. ವರ್ಗವಾಗಿ ಹೋದಾಗಿನಿಂದ ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು. ಈಚೆಗೆ ರಾತ್ರಿಪಾಳಿ, ಬದಲಿಪಾಳಿ, ಅದರ ಮೇಲೊಂದು ಪಾಳಿ. ಮಗಳು ಮದುವೆಯಾಗಿ ಭಾಲ್ಕಿಯಲ್ಲಿದ್ದಾಳೆ. ಬೀದರಿನ ಚಿದ್ರಿ ಬಡಾವಣೆಯ ಮನೆಯಲ್ಲಿ ಉಳಿದದ್ದು ನಾನು ಮತ್ತು ಟಿವಿ. ಒಂದು ಸಂಜೆ ಸುದ್ದಿ ಓದುವ ಹುಡುಗಿಗೆ, ಚಹಾ ಆಯ್ತೇನವ್ವಾ ಎಂದು ಕೇಳಿಬಿಟ್ಟೆ. ಅವಳು ಔರಂಗಾಬಾದಿನ ಉಷ್ಣಾಂಶ ಹೇಳಿದಳು.

ಹಾಗಾಗಿ ಸುವರ್ಣಾಳಿಗೆ ಫೋನು ಮಾಡಿದೆ. ಅವಳು, "ಡ್ಯೂಟಿ ಮುಗಿಸಿ ಬಸ್ ಸಿಕ್ಕರ ಬರ್ತೇನಿ. ಮುಂಜಾನಿ ಮತ್ತ ಪಾಳಿ ಅದ, ಕಡೀ ಬಸ್ಸಿಗೆ ಹೊಳ್ಳಿ ಹೋಗ್ಬೇಕ್ರಿ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಮದುವೆಯ ಕಾಲದ ಕೋಟನ್ನು ಟ್ರಂಕಿನಿಂದ ತೆಗೆದು ತೊಟ್ಟೆ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಉಸಿರಾಡಿದರೆ ಗುಂಡಿ ನಿಲ್ಲುತ್ತಿರಲಿಲ್ಲ. ಗುಂಡಿಯನ್ನೇ ಆರಿಸಿಕೊಂಡೆ.

ಕ್ಲಬ್ಬಿನಲ್ಲಿ ನಿಯಮಗಳು ಭಾರಿ. ಪಾಸಿಲ್ಲದೆ ಪ್ರವೇಶವಿಲ್ಲ. ಜಾದೂವಿನ ಗುಟ್ಟನ್ನು ಯಾರೂ ಚಿತ್ರ ಹಿಡಿಯಬಾರದೆಂದು ಮೊಬೈಲುಗಳನ್ನು ಬಾಗಿಲಲ್ಲೇ ಒಪ್ಪಿಸಬೇಕು. ನಾನು ಮೊಬೈಲು ಕೊಟ್ಟೆ, ಒಳಗೆ ಹೋಗಿ ಎರಡನೇ ಸಾಲಿನಲ್ಲಿ ಕೂತೆ, ಪಕ್ಕದ ಕುರ್ಚಿಯ ಮೇಲೆ ದಸ್ತಿ ಹಾಸಿದೆ. ಇನ್ನು ಭೂಕಂಪವಾದರೂ ಸುವರ್ಣಾಳ ಜಾಗ ಭದ್ರ!

ಸುತ್ತಲೂ ಜೋಡಿಗಳು. ಒಬ್ಬಾಕೆ ಗಂಡನ ಕಾಲರ್ ಸರಿಮಾಡುತ್ತಿದ್ದಳು. ಇನ್ನೊಬ್ಬಾಕೆ ಗಂಡನನ್ನು ಬೈಯುತ್ತಿದ್ದಳು. ನನಗೆ ಆ ಬೈಗುಳವನ್ನು ಕೇಳಿಯೂ ಹೊಟ್ಟೆಕಿಚ್ಚಾಯಿತು. ನಾನು ದಸ್ತಿಯ ಮಡಿಕೆ ಸರಿಮಾಡಿದೆ.

ದೀಪ ಆರಿತು. ಹೈದರಾಬಾದಿನಿಂದ ಬಂದ ವಿಶ್ವವಿಖ್ಯಾತ ಜಾದೂಗಾರ ಎಂದು ಮೈಕು ಸಾರಿತು. ಮಿಂಚುವ ಕೋಟಿನ ತರುಣನೊಬ್ಬ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಗುಡುಗುತ್ತಾ ಬಂದ. ಉಂಗುರ ಕೂಡಿಸಿದ, ಹಗ್ಗ ಕತ್ತರಿಸಿದ. ನಾನು ಅರ್ಧ ಕಣ್ಣು ಅವನ ಮೇಲೆ, ಅರ್ಧ ಕಣ್ಣು ಬಾಗಿಲ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಅವನು ಒಂದು ರುಮಾಲು ಬೇಕು ಎನ್ನುತ್ತಾ ಕೆಳಗಿಳಿದು ಬಂದು, ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯ ಮೇಲಿನ ದಸ್ತಿ ಎತ್ತಿಕೊಂಡು ವೇದಿಕೆಗೆ ಹೋದ. ಮುಷ್ಟಿಯೊಳಗೆ ತುರುಕಿದ. ಊದಿದ. ಮುಷ್ಟಿ ಬಿಚ್ಚಿದರೆ ದಸ್ತಿ ಮಾಯ!

ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನಿಲ್ಲುವುದರೊಳಗೆ, ಮಿರ್ಚಿ ಭಜ್ಜಿಯ ಪ್ಲೇಟು ಹಿಡಿದ ದಪ್ಪನೆಯ ಗೃಹಸ್ಥರೊಬ್ಬರು ಕತ್ತಲಲ್ಲಿ ತಡಕಾಡುತ್ತಾ ಬಂದು ಸುವರ್ಣಾಳ ಕುರ್ಚಿಯಲ್ಲಿ ಕೂತರು. ಈ ಜಾಗ ಹಿಡಿದದ್ದು ಎಂದು ನಾನು ವಿನಯದಿಂದ ತಿಳಿಸಿದೆ. ಅವರು ಕೆಳಗೆ ನೋಡಿದರು, ಹಿಂದೆ ನೋಡಿದರು.

"ಹೌದೇನ್ರಿ? ಮತ್ತ ದಸ್ತಿ ಎಲ್ಲದರಿ?"

ನ್ಯಾಯವಾದ ಪ್ರಶ್ನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮಾಯವಾಗಿದೆ ಎಂದು ಯಾವ ಮುಖದಿಂದ ಹೇಳುವುದು? ಎದ್ದೆ. ನೇರ ವೇದಿಕೆ ಹತ್ತಿದೆ. ಪ್ರೇಕ್ಷಕರು ಇದೂ ಆಟದ ಭಾಗವೆಂದು ತಿಳಿದು ಮತ್ತೆ ಚಪ್ಪಾಳೆ ತಟ್ಟಿದರು.

ನನ್ನ ದಸ್ತಿಯನ್ನು ಈ ಕೂಡಲೇ ಹಿಂದಿರುಗಿಸತಕ್ಕದ್ದು ಎಂದು ಕೇಳಿದೆ. ಆಟದ ಕೊನೆಯಲ್ಲಿ ಅದು ನಿಂಬೆಹಣ್ಣಿನೊಳಗಿಂದ ಬರುತ್ತದೆ ಎಂದ ಜಾದೂಗಾರ. ಅಷ್ಟು ಹೊತ್ತು ಕಾಯುವ ಪರಿಸ್ಥಿತಿ ನನ್ನದಾಗಿರಲಿಲ್ಲ. ಅವನ ಕೋಟಿನ ತೋಳಿನೊಳಗೆ ಕೈ ಹಾಕಿ ಎಳೆದೆ. ಬಣ್ಣದ ರಿಬ್ಬನ್ನು ಬಂತು. ಇನ್ನೂ ಎಳೆದೆ, ಇನ್ನೂ ಬಂತು. ವಿಶ್ವವಿಖ್ಯಾತ ಜಾದೂಗಾರ ಮೈಕು ಮುಚ್ಚಿ, ಅಪ್ಪಟ ಭಾಲ್ಕಿಯ ಮಾತಿನಲ್ಲಿ ಪಿಸುಗುಟ್ಟಿದ:

"ಕಾಕಾ, ತೋಳು ಬಿಡ್ರಿ. ಒಳಗ ತತ್ತಿ ಅದರಿ."

ಬಿಡುವಷ್ಟರಲ್ಲಿ ತತ್ತಿ ಒಡೆಯಿತು. ಅದರ ಹಿಂದೆಯೇ ದಸ್ತಿಯೂ ಬಂತು, ತೊಯ್ದುಕೊಂಡು. ನನ್ನ ಕೋಟಿನ ಗುಂಡಿ ಹಾರಿ ಮೊದಲ ಸಾಲಿಗೆ ಬಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು.

ಹುಡುಗ ಜಾಣ, ಆಟ ಉಳಿಸಿಕೊಳ್ಳಬೇಕಲ್ಲ. ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ, ಯಾರಿಗಾಗಿ ಹಿಡಿದ ಕುರ್ಚಿ ಎಂದು ವಿಚಾರಿಸಿದ.

"ನಮ್ಮ ಮನಿಯವ್ರಿಗಿ," ಎಂದೆ. "ಔರಾದಿಂದ ಬರ್ಲಾಕತ್ತಾರ. ಭಾಳ ದಿನ ಆಯ್ತು ಬಂದು."

ಅದನ್ನು ಹೇಳಬಾರದಿತ್ತು. ನಗು ಒಮ್ಮೆಲೇ ತಗ್ಗಿತು. ಅವನು ಅವಳ ಹೆಸರು ಕೇಳಿಕೊಂಡು, ಕೋಲನ್ನು ಎತ್ತಿ, ಸುವರ್ಣಾಬಾಯಿ ಅವರನ್ನು ಇದೇ ಕುರ್ಚಿಯಲ್ಲಿ ಪ್ರತ್ಯಕ್ಷ ಮಾಡುತ್ತೇನೆ, ಎಲ್ಲರೂ ಕರೆಯಿರಿ ಎಂದ. ಇಡೀ ಸಭೆ ಸುವರ್ಣಾ ಎಂದು ಕೂಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಗಳಿಗೆ ನಾನು ನಂಬಿದೆ. ಉಸಿರು ಬಿಗಿಹಿಡಿದು ಕುರ್ಚಿಯನ್ನೇ ನೋಡಿದೆ. ಅಲ್ಲಿ ಗೃಹಸ್ಥರು ಕೊನೆಯ ಭಜ್ಜಿ ತಿನ್ನುತ್ತಿದ್ದರು.

ಆಟ ಮುಗಿಯುವವರೆಗೂ ಅವರ ಪಕ್ಕದಲ್ಲೇ ಕೂತೆ. ಆಮೇಲೆ ಬಾಗಿಲಲ್ಲಿ ಮೊಬೈಲು ಪಡೆದಾಗ ಅದರ ತುಂಬ ಸುವರ್ಣಾಳ ಕರೆಗಳು. ಅವಳಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು.

"ಬಂದಿದ್ದೆನ್ರಿ," ಎಂದಳು. "ಪಾಸ್ ಇಲ್ದ ಒಳಗ ಬಿಡಲ್ಲ ಅಂದ್ರು. ಫೋನ್ ಮಾಡಿದ್ರ ನೀವು ಎತ್ತಲಿಲ್ಲ. ವಾಚ್‌ಮನ್‌ಗೆ ಕೈ ಮುಗದು ಬಾಗಿಲದಾಗ ನಿಂತು ನೋಡ್ದೆ. ಎಲ್ಲಾರೂ ನನ್ನ ಹೆಸರು ಕೂಗಿದಾಗ ಕೈ ಎತ್ತಿದೆ. ನೀವು ಕುರ್ಚೀನೇ ನೋಡ್ಲಾಕತ್ತಿದ್ರಿ."

ನಾನು ಜೇಬು ಮುಟ್ಟಿ ನೋಡಿಕೊಂಡೆ. ಎರಡೂ ಪಾಸುಗಳು ಬೆಚ್ಚಗೆ ಒಂದರ ಪಕ್ಕ ಒಂದು ಕೂತಿದ್ದವು. ಆ ಸಂಜೆ ಜೋಡಿಯಾಗಿ ಜಾದೂ ನೋಡಿದವು ಅವೇ.

"ಸ್ವಲ್ಪ ಹೊತ್ತು ನಿಲ್ಲಬೇಕಿತ್ತಲ್ಲ," ಎಂದೆ.

"ಕಡೀ ಬಸ್ ಹೋಗ್ತಿತ್ತಲ್ರಿ." ಅವಳು ನಗುತ್ತಿದ್ದಳೋ ಏನೋ, ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ. "ಇನ್ನೊಮ್ಮಿ ಜಾಗ ಹಿಡೀಬ್ಯಾಡ್ರಿ. ಬಾಗಿಲದಾಗ ಬಂದು ನಿಂದರ್ರಿ, ಸಾಕು."

ಆಯ್ತು ಎಂದೆ. ಜನವೆಲ್ಲ ಹೋದ ಮೇಲೆ ಗೇಟಿನ ಬಳಿ ಒಬ್ಬನೇ ನಿಂತೆ. ಕಣ್ಣು ತುಂಬಿ ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದಸ್ತಿ ತೆಗೆದು ಚೆನ್ನಾಗಿ ಒರೆಸಿಕೊಂಡೆ.

ಮುಖದ ತುಂಬ ತತ್ತಿ!