ಹಿತ್ತಲ ಗಿಡದ ಎಲಿ ಹಿಡ್ಕೊಂಡು ತಿರುಗಿದ್ದು

ಹಿತ್ತಲ ಗಿಡ ಮದ್ದಲ್ಲ ಅಂತಾರ. ಮದ್ದಿನ ಮಾತು ದೂರ ಉಳೀತು, ಶಿವಬಸವ ನಗರದ ನಮ್ಮ ಹಿತ್ತಲದಾಗ ತಾನ ಹುಟ್ಟಿ ಬೆಳದ ಗಿಡದ ಹೆಸರ ಸೈತ ಯಾರಿಗೂ ಗೊತ್ತಿರಲಿಲ್ಲ. ಎಲಿ ಎತ್ತಿನ ಗೊರಸಿನಂಗ ನಡುವ ಸೀಳಿತ್ತು, ಚಿಗರು ತಾಮ್ರದ ಬಣ್ಣ.

"ಹೂವಿಲ್ಲ, ಹಣ್ಣಿಲ್ಲ. ದಸರಾದೊಳಗ ಯಾವ ಗಿಡ ಅಂತ ಹೇಳ್ರಿ, ಇಲ್ಲಾಂದ್ರ ಕಡಿಸಿ ಅರಬಿ ಒಗಿಯೂ ಕಲ್ಲು ಹಾಕಸ್ತೀನಿ" ಅಂದ್ಲು ಹೇಂತಿ. ನನ್ನ ಕುರ್ಚಿ, ಪೇಪರು, ಮಧ್ಯಾಹ್ನದ ನಿದ್ದಿ ಎಲ್ಲಾ ಅದರ ನೆರಳಾಗ. ಎಲಿ ಹಿಡ್ಕೊಂಡು ಹೊಂಟೆ.

ಪ್ಯಾಟಿ ಪಂಡಿತರು

ರವಿವಾರ ಪೇಟೆಯಾಗ ಗಿಡಮೂಲಿಕಿ ಮಾರವ್ರು ಎಲಿ ತಿರುವಿ ನೋಡಿದ್ರು, ಮೂಸಿದ್ರು, ಚಷ್ಮಾ ತಗದು ಮತ್ತ ನೋಡಿದ್ರು.

"ಒಣಗಿಸಿ, ಕುಟ್ಟಿ, ಪುಡಿ ಮಾಡಿ ತರ್ರಿ. ಆಗ ಹೇಳ್ತೀನಿ."

"ಈಗ್ಯಾಕ ಆಗೂದಿಲ್ರಿ?"

"ಅಪ್ಪನ ಕಾಲದಿಂದ ಅಂಗಡಿ ಐತ್ರಿ. ಹಸಿ ಎಲಿ ಯಾವತ್ತೂ ನೋಡಿಲ್ಲ."

ಖಾನಾಪುರದ ಪರೀಕ್ಷಾ

ಹೇಂತಿ ತಮ್ಮಂದು ಖಾನಾಪುರದಾಗ ಅಡವಿ ಬಾಜೂಕ ಹೊಲ. ಬಂದಾಂವನ ಎಲಿ ಹರದು ಬಾಯಾಗ ಹಾಕ್ಕೊಂಡು ಅಗದ.

"ವಿಷದ ಗಿಡ ಅಲ್ಲ ಬಿಡ್ರಿ ಮಾವಾ."

"ಹೆಂಗ ಗೊತ್ತು?"

"ಹೌದಿದ್ರ ಸಂಜೀಕ ಗೊತ್ತಾಕ್ಕೈತಿ."

ಸಂಜೀಕ ಏನೂ ಆಗ್ಲಿಲ್ಲ. ಆದ್ರೂ ಖಾತ್ರಿ ಆಗ್ಲಿ ಅಂತ ಮುಂದಿನ ಸ್ವಾಮಾರದ ಮಟಾ ನಮ್ಮ ಮನ್ಯಾಗ ಉಂಡ್ಕೊಂತ ಉಳದ.

ಬಂಗಾರ

ದಸರಾ ಹತ್ರ ಬಂತು. ಹೇಂತಿ ಕೊಡ್ಲಿಯವನ್ನ ಕರಿಸಿದ್ಲು. ಬಾಜೂಮನಿ ಅಜ್ಜಿ ಕಂಪೌಂಡ್ ಮ್ಯಾಲಿಂದ ಇಣುಕಿದ್ಲು.

"ಏನ್ ಮಾಡಾಕತ್ತೀಯವ್ವಾ? ದಸರಾಕ್ಕ ಬನ್ನಿ ಜೋಡಿ ಬಂಗಾರ ಅಂತ ನಡುವ ಸೀಳಿದ ಎಲಿ ಹಂಚತೀವಲ್ಲ, ಅದ ಗಿಡ ಇದು. ಬಂಗಾರ ಕಡಸ್ತಾರೇನು?"

ಹೇಂತಿ ಗಿಡಕ್ಕ ಕೈ ಮುಗದ್ಲು. ಕೊಡ್ಲಿ ವಾಪಸ್ ಹೋತು.

ಹಬ್ಬದ ದಿನ ಇಡೀ ಓಣಿ ಬಂದು ಗಿಡ ಬೋಳಿಸ್ತು. ಸಂಜೀಕ ಅವರ ತಿರುಗಿ ಬಂದು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ನಮ್ಮ ಎಲಿ ನಮಗ ಕೊಟ್ರು. ತಿರುಗಿ ಕೊಡಾಕ ಗಿಡದಾಗ ಒಂದೂ ಇರ್ಲಿಲ್ಲ. ನಾ ಪ್ಯಾಟಿಗೆ ಹೋಗಿ ಕೊಂಡು ತಂದೆ.

ದೀಪಾವಳಿ ಹೊತ್ತಿಗೆ ಗಿಡ ಚಿಗರಿ, ಮೊದಲನೇ ಸಲ ಹೂ ಬಿಡ್ತು, ಅಂಗೈಯಷ್ಟು ದೊಡ್ಡ ಗುಲಾಬಿ ಬಣ್ಣದ್ದು. ಹಬ್ಬಕ್ಕ ಬಂದ ಹೇಂತಿ ತಮ್ಮ ಮ್ಯಾಲ ನೋಡಿದ.

"ಅಕ್ಕಾ, ಬಂಗಾರದ ಗಿಡಕ್ಕ ಇಂಥಾ ಹೂ ಬಿಡೂದಿಲ್ಲ. ಇದು ಮಂದಾರ. ಎಲಿ ಅಷ್ಟ ಹಂಗ ಕಾಣ್ತೈತಿ."

ಮುಗೀತು ಗಿಡದ ಕತಿ ಅಂತ ನಾ ಕುರ್ಚಿ ಎತ್ತಾಕ ಎದ್ದೆ. ಆಕಿ ಮದ್ಲ ತಮ್ಮನ ಬಾಯಾಗ ಕರ್ಚಿಕಾಯಿ ತುರುಕಿದ್ಲು. ಆಮ್ಯಾಲ ನನ್ನ ಕಡೆ ತಿರುಗಿದ್ಲು.

"ಕುರ್ಚಿ ಇಡ್ರಿ, ಅದರ ಮ್ಯಾಲ ಹತ್ತಿ ಹೂ ಒಂದೂ ಬಿಡದಂಗ ಹರೀರಿ. ಇಡೀ ಓಣಿಗೆ ಖೊಟ್ಟಿ ಬಂಗಾರ ಹಂಚೇವಿ ಅಂತ ಗೊತ್ತಾದ್ರ, ಗಿಡ ಇಲ್ಲೇ ಇರತೈತಿ, ನಾವ ಊರ ಬಿಡಬೇಕಾಕ್ಕೈತಿ."